ಹೆಚ್ಚುವರಿಯ ಲೆಕ್ಕ ಕೊನೆಯ ತೂಬಿನಲ್ಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹೊಲಕ್ಕೂ ಬಾಯಿಗೂ ಆಗುವ ಮೊದಲು ವಿದ್ಯುತ್ತಿಗೂ ಆಗುತ್ತದೆ. ಕಾಲುವೆ ಹುಟ್ಟುವ ಮುನಿರಾಬಾದಿನಲ್ಲಿ 28 ಮೆಗಾವಾಟ್ ಸ್ಥಾವರವಿದೆ. ಮುಂದೆ ಶಿವಪುರದಲ್ಲಿ 18 ಮೆಗಾವಾಟಿನ ಖಾಸಗಿ ಘಟಕ. ರಾಯಚೂರು ಜಿಲ್ಲೆಯೊಳಗೆ ಕರ್ನಾಟಕ ವಿದ್ಯುತ್ ನಿಗಮ ಮೂರು ಕಿರು ಘಟಕಗಳನ್ನು ಕಟ್ಟಿತು: ಸಿರವಾರದಲ್ಲಿ 1,000 ಕಿಲೋವಾಟ್, ಕಲ್ಮಲಾದಲ್ಲಿ 400, ಗಣೇಕಲ್‌ನಲ್ಲಿ 350. ಮೂರೂ ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದರೆ ದಿನಕ್ಕೆ 42,000 ಯೂನಿಟ್. ಶಕ್ತಿನಗರದ 1,720 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಮುಂದೆ ಇದು ಸಾವಿರದಲ್ಲಿ ಒಂದು ಪಾಲು. ಆದರೆ 100 ಅಶ್ವಶಕ್ತಿಯ 20 ಪಂಪುಗಳು ಹಗಲಿರುಳು ನೀರೆತ್ತಲು ಇಷ್ಟು ಸಾಕು. ರಾಜ್ಯದ ಲೆಕ್ಕದಲ್ಲಿ ಕಾಣದ ಮೊತ್ತ ಊರಿನ ಲೆಕ್ಕದಲ್ಲಿ ದೊಡ್ಡದು. ಗಣೇಕಲ್ ಎಂದರೆ ರಾಯಚೂರು ನಗರಕ್ಕೆ ಕುಡಿಯುವ ನೀರು ಕಾದಿಡುವ ಸಮತೋಲನ ಜಲಾಶಯದ ಊರು. ನಗರ ಕುಡಿಯುವ ನೀರು ಮತ್ತು ವಿದ್ಯುತ್ತು ಒಂದೇ ಕಾಲುವೆಯ ಮಕ್ಕಳು. ಅವುಗಳ ಖಾತೆ ಮಾತ್ರ ಬೇರೆ ಬೇರೆ.

ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ನಗರ ಈ ಖಾತೆಗಳನ್ನು ಒಂದು ಮಾಡಿತು. ಬೆಟ್ಟದಿಂದ ಕೊಳವೆಯಲ್ಲಿ ಇಳಿಯುವ ನೀರಿನ ಒತ್ತಡವನ್ನು ಊರಿಗೆ ಬಿಡುವ ಮೊದಲು ತಗ್ಗಿಸಲೇಬೇಕು. ಕವಾಟದಲ್ಲಿ ವ್ಯರ್ಥವಾಗುತ್ತಿದ್ದ ಆ ಒತ್ತಡಕ್ಕೆ ನಗರವು 1980ರ ದಶಕದಲ್ಲಿ ಟರ್ಬೈನ್ ಕೂರಿಸತೊಡಗಿತು. ಕ್ರಮೇಣ ಎಂಟು ಘಟಕಗಳಾದವು. ವಿದ್ಯುತ್ತನ್ನು ಕಂಪನಿಗೆ ಮಾರುತ್ತದೆ. ಬಂದ ಹಣ ನಗರದ ನೀರು ಸರಬರಾಜಿನ ಖಾತೆಗೆ ಸೇರುತ್ತದೆ. ನೀರು ದುಡಿದದ್ದು ನೀರಿಗೇ ಖರ್ಚಾಗುತ್ತದೆ. ಬೆಂಗಳೂರಿಗೆ ಈ ಭಾಗ್ಯವಿಲ್ಲ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರಬೇಕು. ರಾಯಚೂರಿನ ಕಡೆಗೆ ಕಾಲುವೆ 227 ಕಿ.ಮೀ. ಉದ್ದಕ್ಕೂ ತಾನಾಗಿ ಇಳಿದು ಬರುತ್ತದೆ. ಆ ಇಳಿತದ ಗಳಿಕೆಯಲ್ಲಿ ನೀರು ಕುಡಿಯುವವರಿಗೂ ಉಣಿಸುವವರಿಗೂ ಪಾಲಿರಬೇಕು. 2022ರಲ್ಲಿ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಜೀವಗಳು ಹೋದವು. ಶುದ್ಧೀಕರಣ ಘಟಕದ ಮರಳು ತೊಳೆಯುವುದಕ್ಕೆ, ಹಳೆಯ ಕೊಳವೆ ಬದಲಿಸುವುದಕ್ಕೆ ಪ್ರತಿವರ್ಷ ತಪ್ಪದೆ ಬರುವ ಹಣ ಬೇಕು. ಒಮ್ಮೆ ಬಂದು ಹೋಗುವ ವಿಶೇಷ ಅನುದಾನ ಆ ಕೆಲಸಕ್ಕೆ ಒದಗುವುದಿಲ್ಲ.

ಟರ್ಬೈನ್ ನೀರು ಕುಡಿಯುವುದಿಲ್ಲ; ಬಂದಷ್ಟನ್ನೂ ಕೆಳಕ್ಕೆ ಬಿಡುತ್ತದೆ. ನಿಜ. ಪೋತ್ನಾಳ, ಮಾನ್ವಿ ಕಡೆಯ ವಿತರಣಾ ಕಾಲುವೆಗಳ ಕೊನೆಯ ತೂಬು ಒಣಗಿದ್ದರೆ ಅದು ಯಂತ್ರದ ತಪ್ಪಲ್ಲ. ಮೇಲ್ಭಾಗದಲ್ಲಿ ಅಕ್ರಮವಾಗಿ ಎತ್ತುವ ನೀರು, ಒಡೆದ ಕಾಲುವೆ, ಕಾಯ್ದುಕೊಳ್ಳದ ನೀರಿನ ಮಟ್ಟ (ಗೇಜ್) ಅದಕ್ಕೆ ಕಾರಣ. ಆದರೆ ಯಂತ್ರಕ್ಕೆ ಮೀಟರ್ ಇದೆ. ಹುಟ್ಟಿದ ಯೂನಿಟ್ಟನ್ನೆಲ್ಲ ಅದು ಬರೆದಿಡುತ್ತದೆ. ಕೊನೆಯ ರೈತನಿಗೆ ತಲುಪದ ನೀರನ್ನು ಯಾವ ಮೀಟರೂ ಬರೆದಿಡುವುದಿಲ್ಲ. ಹೀಗಾಗಿ ‘ಹೆಚ್ಚುವರಿ’ ನೀರು ಎಂಬ ಮಾತು ವಿದ್ಯುದಾಗಾರದಲ್ಲಿ ಹುಟ್ಟುತ್ತದೆ. ಅದು ಹುಟ್ಟಬೇಕಾದದ್ದು ಕಾಲುವೆಯ ಕೊನೆಯಲ್ಲಿ. ನಗರದ ಪಂಪು ನಡೆದು, ಕೆರೆ ತುಂಬಿ, ಕೊನೆಯ ಹೊಲ ನೆನೆದ ಮೇಲೆ ಉಳಿದದ್ದು ಹೆಚ್ಚುವರಿ. ಅದಕ್ಕೆ ಮೊದಲಿನದೆಲ್ಲ ಬಾಕಿ.

ಆದ್ದರಿಂದ ಕಾಲುವೆಯ ಇಳಿತದಲ್ಲಿ ಹುಟ್ಟುವ ವಿದ್ಯುತ್ತಿಗೆ, ಘಟಕ ಸರ್ಕಾರದ್ದಿರಲಿ, ಖಾಸಗಿಯವರದಿರಲಿ, ಒಂದೇ ನಿಯಮ ಬೇಕು. ಆದಾಯದ ಗೊತ್ತಾದ ಪಾಲು ಅದೇ ಕಾಲುವೆಯ ದುರಸ್ತಿಗೂ ಅದೇ ನೀರು ಕುಡಿಯುವ ಊರಿನ ನೀರಿನ ಖಾತೆಗೂ ನೇರವಾಗಿ ಹೋಗಬೇಕು. ಮಾರಿದ ಯೂನಿಟ್ ಎಷ್ಟು, ಅಂದು ಕಾಲುವೆಯ ಕೊನೆಯ ಗೇಜ್ ಎಷ್ಟು, ಈ ಎರಡು ಅಂಕಿಗಳನ್ನು ಒಂದೇ ಫಲಕದ ಮೇಲೆ, ಜನ ಓದುವ ಜಾಗದಲ್ಲಿ, ದಿನವೂ ಬರೆಯಬೇಕು. ಕೊನೆಯ ಗೇಜ್ ಸೊನ್ನೆ ಇದ್ದ ದಿನ ಮಾರಿದ ವಿದ್ಯುತ್ತನ್ನು ಯಾರೂ ಹೆಚ್ಚುವರಿ ಎಂದು ಕರೆಯಬಾರದು.