ತುಳುಕುವ ಕೊಡ

ತುಂಬಿದ ಕೊಡ ತುಳುಕುವುದಿಲ್ಲವೆಂಬುದು ಹಿರಿಯರ ಮಾತು. ಬಾಳಿನ ಅನೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಇಸ್ಪೀಟಿನ ಪೋಕರ್ ಆಟದಲ್ಲಿ ತುಂಬಿದ ಕೊಡವೂ ಬೇಕೆಂದೇ ತುಳುಕುತ್ತದೆ, ನೋಡುವವರು ಬರಿದೆಂದು ತಿಳಿಯಲೆಂದು. ಬರಿದಾದ ಕೊಡವೂ ಅಷ್ಟೇ ಸದ್ದು ಮಾಡುತ್ತದೆ, ಕೇಳುವವರು ತುಂಬಿದೆಯೆಂದು ಹೆದರಲೆಂದು. ಸದ್ದನ್ನು ಕೇಳಿ ಒಳಗಿನ ನೀರನ್ನು ಅಳೆಯುವುದೇ ಈ ಆಟದ ಕಠಿನವಾದ ವಿದ್ಯೆ.

ಪೋಕರಿನ ಪ್ರಸಿದ್ಧ ಪದ್ಧತಿಯಲ್ಲಿ ಪ್ರತಿಯೊಬ್ಬನ ಕೈಯಲ್ಲಿ ಎರಡು ಗುಪ್ತ ಎಲೆಗಳು. ಮೇಜಿನ ಮೇಲೆ ಎಲ್ಲರಿಗೂ ಸಲ್ಲುವ ಐದು ಬಹಿರಂಗ ಎಲೆಗಳು. ಎಲೆಗಳು ತೆರೆದುಕೊಳ್ಳುತ್ತ ಹೋದಂತೆ ಆಟಗಾರರು ಹಂತಹಂತವಾಗಿ ಪಣವೊಡ್ಡುತ್ತಾರೆ. ನಡುವೆ ಕೂಡಿದ ಹಣಕ್ಕೆ ‘ಪಾಟ್’ ಎಂದು ಹೆಸರು. ಎದುರಾಳಿಯ ಪಣವನ್ನು ಸರಿಗಟ್ಟಬೇಕು, ಏರಿಸಬೇಕು, ಇಲ್ಲವೇ ಎಲೆ ಕೆಳಗಿಟ್ಟು ಸೋಲೊಪ್ಪಬೇಕು. ವಾಡಿಕೆಯ ಪಣ ಪಾಟಿನ ಅರ್ಧದಿಂದ ಪೂರ್ಣದವರೆಗೆ. ಅದನ್ನು ಮೀರಿ ಎರಡರಷ್ಟೋ ಮೂರರಷ್ಟೋ ಒಡ್ಡಿದಾಗ ಎದುರಿನವನ ಎದೆ ಹಾರುವುದು ಸಹಜ.

2003ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಪೋಕರಿನ ವಿಶ್ವಪಂದ್ಯ ನಡೆಯಿತು. 839 ಸ್ಪರ್ಧಿಗಳಲ್ಲಿ ಕೊನೆಗೆ ಉಳಿದವರು ಇಬ್ಬರೇ. ಒಬ್ಬರು ನುರಿತ ವೃತ್ತಿಗಾರ ಸ್ಯಾಮ್ ಫಾರ್ಹಾ. ಇನ್ನೊಬ್ಬರು ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್, ಅಂತರ್ಜಾಲದ ಅಲ್ಪ ಶುಲ್ಕದ ಪಂದ್ಯವನ್ನು ಗೆದ್ದು ಅಲ್ಲಿಗೆ ಬಂದವರು. ಒಂದು ಆಟದಲ್ಲಿ ಫಾರ್ಹಾರ ಬಳಿ ಒಂಬತ್ತರ ಜೋಡಿಯಿತ್ತು. ಮನಿಮೇಕರರ ಬಳಿ ಜೋಡಿಯೂ ಇರಲಿಲ್ಲ. ಒಂದೇ ಜಾತಿಯ ಐದು ಎಲೆ ಕೂಡಬಹುದೆಂಬ ಆಸೆ ಕೊನೆಯ ಎಲೆಯಲ್ಲಿ ಹುಸಿಯಾಗಿತ್ತು. ಆದರೂ ಅವರು ತಮ್ಮ ಮುಂದಿದ್ದ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿದರು. ಎದುರಾಳಿಗೆ ಎಲೆ ಕೂಡಿಲ್ಲವೆಂಬ ಸಂಶಯವನ್ನು ಫಾರ್ಹಾ ಬಾಯಿಬಿಟ್ಟು ಆಡಿದರು. ಆದರೂ ಎಲೆ ಕೆಳಗಿಟ್ಟರು. ಸಂಶಯ ಸರಿಯಾಗಿಯೇ ಇತ್ತು. ಮೊತ್ತ ಅದನ್ನು ಅಡಗಿಸಿತು. ಪಂದ್ಯವನ್ನೂ 25 ಲಕ್ಷ ಡಾಲರುಗಳ ಬಹುಮಾನವನ್ನೂ ಗೆದ್ದವರು ಲೆಕ್ಕಿಗರೇ.

ಮುಖವನ್ನು ನೋಡಬಲ್ಲ ಮೇಜಿನಲ್ಲೇ ಹೀಗಾದರೆ, ಮುಖವೇ ಕಾಣದ ಅಂತರ್ಜಾಲದಲ್ಲಿ ಗತಿಯೇನು? ಅಲ್ಲಿ ಕೈ ನಡುಗುವುದಿಲ್ಲ, ಕಣ್ಣು ತಪ್ಪುವುದಿಲ್ಲ. ಪಣದ ಗಾತ್ರ, ತೆಗೆದುಕೊಂಡ ಕಾಲ, ಹಿಂದಿನ ಆಟಗಳ ನಡವಳಿಕೆ, ಇವಿಷ್ಟೇ ಸಾಕ್ಷಿಗಳು.

ಭಾರಿ ಪಣದ ಮೊದಲ ಅರ್ಥ ಸರಳವಾದುದು: ಅದು ಮಧ್ಯಮರ ಭಾಷೆಯಲ್ಲ. ಸಾಧಾರಣ ಎಲೆಯುಳ್ಳವನು ಅಗ್ಗದಲ್ಲಿ ಆಟ ಮುಗಿಯಲೆಂದು ಬಯಸುತ್ತಾನೆ. ಆದಕಾರಣ ಅಂಥ ಪಣವೊಡ್ಡಿದವನ ಬಳಿ ಅತ್ಯುತ್ತಮವಾದುದಿರಬೇಕು, ಇಲ್ಲವೇ ಏನೂ ಇರಬಾರದು.

ಇವೆರಡರಲ್ಲಿ ಯಾವುದೆಂದು ನಿರ್ಣಯಿಸಲು ಮೊದಲು ಬೆಲೆಯನ್ನು ತಿಳಿಯಬೇಕು. ಪಾಟಿನಲ್ಲಿ 100 ಇದೆಯೆನ್ನೋಣ. ಎದುರಾಳಿ 50 ಒಡ್ಡಿದರೆ ಸರಿಗಟ್ಟುವವನು ನಾಲ್ಕರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. 100 ಒಡ್ಡಿದರೆ ಮೂರರಲ್ಲಿ ಒಂದು ಸಲ, 200 ಒಡ್ಡಿದರೆ ಐದರಲ್ಲಿ ಎರಡು ಸಲ ಗೆಲ್ಲಬೇಕು. ಭಯ ಹೇಳುವಷ್ಟು ಬೆಲೆ ಏರಿಲ್ಲವೆಂಬುದು ಗಮನಾರ್ಹ. ಹುಸಿ ಪಣದವನ ಕಷ್ಟವೇ ಹೆಚ್ಚು: 100ನ್ನು ಕಸಿಯಲು 200 ಒಡ್ಡಿದವನು ಮೂರರಲ್ಲಿ ಎರಡು ಸಲ ಎದುರಾಳಿಯನ್ನು ಓಡಿಸಲೇಬೇಕು.

ಎರಡನೆಯದು, ಕಥೆಯ ಸುಸಂಗತಿ. ಮೊದಲಿನಿಂದ ಅವನು ಆಡಿದ ರೀತಿಗೂ ಕೊನೆಯ ಆರ್ಭಟಕ್ಕೂ ಹೊಂದಿಕೆಯಿದೆಯೆ? ಕೊನೆಯ ಎಲೆಯಿಂದ ಅವನಿಗೆ ಲಾಭವಾಗುವ ಸಂಭವವಿತ್ತೆ? ಮೂರನೆಯದು, ನೋಡುವವನ ಸ್ವಂತ ಎಲೆಗಳು. ಮೇಜಿನ ಮೇಲೆ ಒಂದೇ ಜಾತಿಯ ಮೂರು ಎಲೆಗಳಿದ್ದು, ಆ ಜಾತಿಯ ಎಕ್ಕ ತನ್ನ ಕೈಯಲ್ಲೇ ಇದ್ದರೆ, ಅದು ಎದುರಾಳಿಯ ಕೈಯಲ್ಲಿರಲು ಸಾಧ್ಯವಿಲ್ಲ. ಅವನ ಆರ್ಭಟಕ್ಕೆ ಆಧಾರ ಅಷ್ಟು ಕಡಿಮೆ. ನಾಲ್ಕನೆಯದು, ಮನುಷ್ಯ ಸ್ವಭಾವ. ಎಂದೂ ಗದ್ದಲ ಮಾಡದ ಸಾಧು ಕೊನೆಯ ಹಂತದಲ್ಲಿ ಒಮ್ಮೆಲೇ ಇಮ್ಮಡಿ ಒಡ್ಡಿದರೆ, ಅವನ ಬಳಿ ಸರಕಿದೆಯೆಂದೇ ಅನುಭವಸ್ಥರು ಬಗೆಯುತ್ತಾರೆ. ಪ್ರತಿ ಆಟದಲ್ಲೂ ಗರ್ಜಿಸುವವನ ಗರ್ಜನೆಗೆ ಆ ಬೆಲೆಯಿಲ್ಲ.

ಆದರೆ ಸ್ವಭಾವವೇ ಇಲ್ಲದ ಎದುರಾಳಿ ಬಂದರೆ? 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಅಂಥ ಪರೀಕ್ಷೆ ನಡೆಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ನಿರ್ಮಿಸಿದ ‘ಲಿಬ್ರಾಟಸ್’ ಎಂಬ ಗಣಕ ಕ್ರಮವಿಧಿ ನಾಲ್ವರು ವೃತ್ತಿಗಾರರೊಡನೆ 20 ದಿನಗಳಲ್ಲಿ 1,20,000 ಆಟಗಳನ್ನಾಡಿತು. ಪಾಟನ್ನು ಎಷ್ಟೋ ಪಾಲು ಮೀರಿದ ಪಣಗಳನ್ನು ಅದು ನಿಸ್ಸಂಕೋಚವಾಗಿ ಒಡ್ಡುತ್ತಿತ್ತು. ಕೆಲವೊಮ್ಮೆ ಶ್ರೇಷ್ಠವಾದ ಎಲೆಗಳಿಂದ, ಕೆಲವೊಮ್ಮೆ ಬರಿಗೈಯಿಂದ. ಆ ಮಿಶ್ರಣ ಲೆಕ್ಕಾಚಾರದಿಂದ ಹದಗೊಂಡಿದ್ದುದರಿಂದ ಗಾತ್ರವನ್ನು ನೋಡಿ ಗುಟ್ಟನ್ನು ಕಾಣುವುದು ಅಸಾಧ್ಯವಾಯಿತು. ವೃತ್ತಿಗಾರರು ಒಟ್ಟಿಗೆ ಕುಳಿತು ಅದರ ಲೋಪಗಳನ್ನು ಹುಡುಕುತ್ತಿದ್ದರು. ಯಂತ್ರವೋ ರಾತ್ರಿಯಲ್ಲಿ ಅವುಗಳನ್ನೇ ಮುಚ್ಚಿಕೊಳ್ಳುತ್ತಿತ್ತು. ಕಡೆಗೆ ಬಿಲ್ಲೆಗಳ ಎಣಿಕೆಯಲ್ಲಿ 17,66,250 ಡಾಲರುಗಳ ಅಂತರದಿಂದ ಅದು ಗೆದ್ದಿತು.

ಭಾರತದಲ್ಲಂತೂ ಈ ವಿದ್ಯೆಯನ್ನು ಹಣ ಹೂಡಿ ಪರೀಕ್ಷಿಸಲು ಹೊರಡುವುದು ಸಲ್ಲದು. 2025ರ ಆಗಸ್ಟಿನಲ್ಲಿ ಸಂಸತ್ತು ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಕೌಶಲದ ಆಟ, ಅದೃಷ್ಟದ ಆಟವೆಂಬ ಭೇದವನ್ನು ಅದು ಎಣಿಸಲಿಲ್ಲ. ಮನೆಯ ಜಗಲಿಯಲ್ಲಿ ಹುಣಿಸೆಬೀಜವಿಟ್ಟು ಆಡುವವರಿಗೆ ಮಾತ್ರ ಈ ಲೆಕ್ಕ ನಿರಪಾಯವಾದ ವಿನೋದ.

ದೊಡ್ಡ ಮೊತ್ತ ಎದುರು ಬಂದಾಗ ಮನಸ್ಸು ಎರಡು ದಾರಿ ಹಿಡಿಯುತ್ತದೆ. ಭಯಗೊಂಡರೆ ಓಡುತ್ತದೆ, ಅಭಿಮಾನ ಕೆರಳಿದರೆ ‘ನೋಡಿಯೇ ಬಿಡೋಣ’ ಎಂದು ಮುನ್ನುಗ್ಗುತ್ತದೆ. ಎರಡರಲ್ಲೂ ಲೆಕ್ಕವಿಲ್ಲ. ಫಾರ್ಹಾರ ಬುದ್ಧಿ ನಿಜವನ್ನು ಕಂಡಿತ್ತು, ಕೈ ಮಾತ್ರ ಅದನ್ನು ನಂಬಲಿಲ್ಲ. ಕೊಡ ಎಷ್ಟೇ ತುಳುಕಲಿ, ಅದು ಬಾವಿಯಿಂದ ಬಂದ ದಾರಿಯನ್ನು ನೆನೆದು ಅಳೆಯುವವನೇ ಜಾಣ.