ಬಾಡಿಗೆಯ ಗೋಡೆ, ಸ್ವಂತದ ಬಣ್ಣ

ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳಿಂದ ಉದ್ಯೋಗವನ್ನರಸಿ ಪುಣೆಗೆ ಹೋಗುವ ಕುಟುಂಬಗಳಿಗೆ ಮೊದಲು ದೊರೆಯುವುದು ಬಹುಮಟ್ಟಿಗೆ ಒಂದೇ ಕೋಣೆಯ ಬಾಡಿಗೆ ಮನೆ. ದಲ್ಲಾಳಿಗಳು ಅದನ್ನು ‘ವನ್ ಆರ್‌ಕೆ’ ಎನ್ನುತ್ತಾರೆ. ಕಟ್ಟಡ ತುಸು ಹೊಸದಾದರೆ ‘ಸ್ಟುಡಿಯೊ ಅಪಾರ್ಟ್‌ಮೆಂಟ್’. ಹೆಸರು ಯಾವುದಾದರೂ 300 ಚದರ ಅಡಿಯ ಆಸುಪಾಸಿನಲ್ಲಿ ಅಡುಗೆ, ನಿದ್ರೆ, ಅತಿಥಿಸತ್ಕಾರ, ಮಕ್ಕಳ ಓದು ಎಲ್ಲವೂ ನಡೆಯಬೇಕು. ಅದನ್ನು ಚೆಂದಗೊಳಿಸುವ ಆಸೆ ಸಹಜವಾದದ್ದೇ. ಆದರೆ ಬಣ್ಣದ ಡಬ್ಬಿ ತೆರೆಯುವ ಮೊದಲು ಕರಾರುಪತ್ರವನ್ನು ತೆರೆಯುವುದು ಲೇಸು.

ಇಂಥ ಮನೆಗಳು ಸಾಮಾನ್ಯವಾಗಿ 11 ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ ದೊರೆಯುತ್ತವೆ. ಅದರಿಂದ ಲಭಿಸುವುದು ಮನೆಯನ್ನು ಬಳಸುವ ಅನುಮತಿ ಮಾತ್ರ. ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಆದ್ದರಿಂದ ಗೋಡೆಗೆ ಮೊಳೆ ಹೊಡೆಯಬಹುದೇ, ಬಣ್ಣ ಬಳಿಯಬಹುದೇ ಎಂಬುದನ್ನು ಕರಾರಿನ ಮಾತುಗಳೇ ನಿರ್ಧರಿಸುತ್ತವೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೆಯ ಕಲಮಿನಂತೆ ಈ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ನೋಂದಣಿಯ ಹೊಣೆ ಮನೆಯ ಮಾಲೀಕನದು. ಪತ್ರವು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ, ಕನ್ನಡದಲ್ಲಿ ಓದಿದ ಅನೇಕರು ಅರ್ಥವನ್ನು ಕೇಳದೆಯೇ ಸಹಿ ಹಾಕುತ್ತಾರೆ. ಮನೆ ಬಿಡುವ ದಿನ ಗೋಡೆಯ ತೂತುಗಳ ಲೆಕ್ಕ ಠೇವಣಿಯಿಂದ ಕಳೆಯುವಾಗಲೇ ಆ ಸಾಲುಗಳ ಬೆಲೆ ತಿಳಿಯುವುದು. ಬಲ್ಲವರಿಂದ ಪ್ರತಿಯೊಂದು ಷರತ್ತನ್ನೂ ಓದಿಸಿ ಕೇಳಬೇಕು. ಬಣ್ಣಕ್ಕೂ ಮೊಳೆಗೂ ಮಾಲೀಕನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಸಾಮಾನು ಇಳಿಸುವ ಮೊದಲೇ ಗೋಡೆಗಳ ಛಾಯಾಚಿತ್ರಗಳನ್ನು ತೆಗೆದಿರಿಸಿಕೊಳ್ಳಬೇಕು.

ಒಪ್ಪಿಗೆ ದೊರೆತರೆ ಒಂದು ಗೋಡೆಗೆ ಮಾತ್ರ ಕಾವಿ, ಅರಿಶಿನ ಇಲ್ಲವೇ ಇಟ್ಟಿಗೆಯ ಬಣ್ಣವನ್ನು ಬಳಿದು ಉಳಿದ ಮೂರಕ್ಕೆ ಕೆನೆಬಣ್ಣ, ಸೂರಿಗೆ ಬಿಳಿ ಸಾಕು. ನಾಲ್ಕೂ ಗೋಡೆಗಳು ಗಾಢವಾದರೆ ಬೆಳಕು ಇಂಗಿ ಕೋಣೆ ಇನ್ನಷ್ಟು ಕಿರಿದೆನಿಸುತ್ತದೆ. ಒಪ್ಪಿಗೆ ದೊರೆಯದಿದ್ದರೂ ನಷ್ಟವಿಲ್ಲ. ಅಜ್ಜಿ ಹೊಲಿದ ಕೌದಿಯಾಗಲಿ ಸೊಲ್ಲಾಪುರದ ಚಾದರವಾಗಲಿ ಒಂದು ಕೋಲಿನ ಮೇಲೆ ಇಳಿಬಿದ್ದರೆ ಗೋಡೆಗೆ ಬೇಕಾದ ಬೆಚ್ಚನೆಯ ಬಣ್ಣವನ್ನೆಲ್ಲ ಅದೇ ಕೊಡುತ್ತದೆ. ಮನೆ ಬದಲಾದಾಗ ಮಡಚಿಕೊಂಡು ಹೋಗಬಹುದು. ಸಂಜೆಯ ದೀಪಕ್ಕೆ 2700ರಿಂದ 3000 ಕೆಲ್ವಿನ್ ಎಂದು ಬರೆದಿರುವ ಎಲ್‌ಇಡಿ ಬಲ್ಬು ಹಳದಿ ಛಾಯೆಯ ಹಿತವಾದ ಬೆಳಕನ್ನು ನೀಡುತ್ತದೆ.

ಸಾಮಾನು ಜೋಡಿಸುವ ವಿದ್ಯೆ ನಮ್ಮ ಹಳ್ಳಿಯ ಮನೆಗಳಿಗೆ ಹೊಸದಲ್ಲ. ಒಂದರ ಮೇಲೊಂದು ಏರಿದ ಅಡಕಲ ಗಡಿಗೆಗಳು, ಸೂರಿನಿಂದ ತೂಗುವ ನೆಲುವು, ಗೋಡೆಯೊಳಗಿನ ಗೂಡು, ನೆಲದಡಿಯ ಹಗೇವು ಎಲ್ಲವೂ ಓಡಾಡುವ ಜಾಗವನ್ನು ಉಳಿಸಿಕೊಳ್ಳುವ ಉಪಾಯಗಳೇ. ಅದೇ ಬುದ್ಧಿ ಇಲ್ಲಿಯೂ ನಡೆಯುತ್ತದೆ. ಮಂಚದ ಕೆಳಗೆ ಚಕ್ರವಿರುವ ಪೆಟ್ಟಿಗೆಗಳನ್ನು ಸರಿಸಿಡಬಹುದು. ಹಳೆಯ ಟ್ರಂಕಿನ ಮೇಲೆ ದಿಂಬು ಹಾಸಿದರೆ ಅದು ಅತಿಥಿಗೆ ಆಸನವಾಗುತ್ತದೆ. ಅಗಲವಾದ ಕಪಾಟಿಗಿಂತ ಎತ್ತರವಾದ ಕಪಾಟು ನೆಲವನ್ನು ಕಡಿಮೆ ಬಳಸುತ್ತದೆ. ಎತ್ತರದ ಕಪಾಟಿನಲ್ಲಿ ಭಾರದ ವಸ್ತುಗಳು ಕೆಳಗಿರಬೇಕು, ಕಪಾಟನ್ನು ಗೋಡೆಗೆ ಬಿಗಿದಿರಬೇಕು. ಮಕ್ಕಳು ಹಿಡಿದು ಹತ್ತಿದರೆ ಅದು ಮಗುಚಿ ಬೀಳುವ ಅಪಾಯವುಂಟು. ಮಾಲೀಕನಿಂದ ಎರಡು ಮೊಳೆಗಳಿಗಷ್ಟೇ ಅನುಮತಿ ಸಿಗುವುದಾದರೆ ಅವು ಇಲ್ಲಿಗೇ ಸಲ್ಲಲಿ.

ಇಷ್ಟೆಲ್ಲ ಹೊಂದಿಕೆಯ ಬಳಿಕ ಕಿಟಕಿಯ ಬಳಿ ಮೂರಡಿ ಜಾಗ ಉಳಿದರೆ ಅದು ಟಿವಿಗೆ ಹೋಗಬಾರದು. ಮಡಚುವ ಒಂದು ಮೇಜು, 4000 ಕೆಲ್ವಿನ್‌ನ ಒಂದು ಓದುವ ದೀಪ, ಪುಸ್ತಕಗಳಿಗೆ ಒಂದು ಹಲಗೆ ಅಲ್ಲಿರಲಿ. ಕನ್ನಡ ಶಾಲೆಯನ್ನು ಬಿಟ್ಟು ಬೇರೆ ಭಾಷೆಯ ತರಗತಿಗೆ ಸೇರಿದ ಮಗುವಿಗೆ ಹೊರಗಿನದೆಲ್ಲವೂ ಹೊಸದು. ಆ ಹಲಗೆಯ ಮೇಲೆ ಹೊಸ ಶಾಲೆಯ ಪುಸ್ತಕಗಳ ಪಕ್ಕದಲ್ಲಿ ನಾಲ್ಕು ಕನ್ನಡ ಪುಸ್ತಕಗಳಿಗೂ ಸ್ಥಳವಿದ್ದರೆ, 11 ತಿಂಗಳಿಗೊಮ್ಮೆ ಮನೆ ಬದಲಾದರೂ ಓದುವ ಮೂಲೆ ಬದಲಾಗದು. ಬಾಡಿಗೆಯ ಮನೆಯಲ್ಲಿ ಮಗು ತನ್ನದೆಂದು ಹೇಳಿಕೊಳ್ಳಬಹುದಾದ ಜಾಗ ಅದೊಂದೇ.