ಬೆರಕೆ ದೋಷವಲ್ಲ, ಹೆಸರಳಿಸುವುದು ದೋಷ

ಜನಪದ ಸಂಗೀತಕ್ಕೆ ಯಂತ್ರದ ತಾಳ ಸೇರಿತೆಂದರೆ ಸಾಕು, ನಮ್ಮ ವಯಸ್ಸಿನವರಲ್ಲಿ ಬಹುಮಂದಿ "ಕುಲಗೆಟ್ಟಿತು" ಎಂದು ಮೂಗು ಮುರಿಯುತ್ತಾರೆ. ಕಿರಿಯರಾದರೋ "ಜಾನಪದ ಯಾರಪ್ಪನ ಸ್ವತ್ತು? ಯಾರು ಬೇಕಾದರೂ ಬಳಸಿಕೊಳ್ಳಬಹುದು" ಎನ್ನುತ್ತಾರೆ. ಈ ಎರಡು ಮಾತುಗಳೂ ತಪ್ಪು. ಅವುಗಳಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆಫ್ರಿಕದ ಮತ್ತು ಐರ್ಲೆಂಡಿನ ಜನಪದ ಸಂಗೀತಗಳನ್ನು ವಿದ್ಯುನ್ಮಾನ ನೃತ್ಯಸಂಗೀತದೊಡನೆ ಬೆಸೆದ ಆಫ್ರೊ ಕೆಲ್ಟ್ ಸೌಂಡ್ ಸಿಸ್ಟಮ್ ಎಂಬ ತಂಡವನ್ನೇ ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಇಂಗ್ಲೆಂಡಿನ ಸೈಮನ್ ಎಮರ್‌ಸನ್ ಎಂಬ ಗಿಟಾರ್ ವಾದಕರು ಸೆನೆಗಲ್ ದೇಶದ ಗಾಯಕ ಬಾಬಾ ಮಾಲ್ ಅವರ ಧ್ವನಿಮುದ್ರಣದಲ್ಲಿ ತೊಡಗಿದ್ದಾಗ, ಅಲ್ಲಿಯ ಒಂದು ರಾಗಕ್ಕೂ ಐರ್ಲೆಂಡಿನ ಒಂದು ಹಳೆಯ ಮಟ್ಟಿಗೂ ಇರುವ ಹೋಲಿಕೆಯನ್ನು ಕಂಡು ಬೆರಗಾದರು. 1995ರಲ್ಲಿ ಇಂಗ್ಲೆಂಡಿನ ಬಾಕ್ಸ್ ಎಂಬ ಹಳ್ಳಿಯ ರಿಯಲ್ ವರ್ಲ್ಡ್ ಸ್ಟುಡಿಯೋದಲ್ಲಿ ಎರಡೂ ಕಡೆಯ ಕಲಾವಿದರು ಒಟ್ಟಿಗೆ ಕುಳಿತರು. ಮರುವರ್ಷವೇ ಮೊದಲ ಆಲ್ಬಂ ಹೊರಬಂದಿತು. ಅರ್ಧ ಸೋರೆಬುರುಡೆಗೆ ಹಸುವಿನ ಚರ್ಮ ಬಿಗಿದು ಇಪ್ಪತ್ತೊಂದು ತಂತಿಗಳನ್ನು ಹೂಡಿದ ಕೋರಾ, ಕಂಕುಳಲ್ಲಿ ಅದುಮಿದಂತೆಲ್ಲ ಸ್ವರ ಏರಿಳಿಯುವ ಮಾತಾಡುವ ಮದ್ದಳೆ ಒಂದು ಕಡೆ. ಮೊಳಕೈಯಿಂದ ತಿದಿಯೊತ್ತಿ ನುಡಿಸುವ ಇಲನ್ ಪೈಪ್ ಇನ್ನೊಂದು ಕಡೆ. ಪಕ್ಕವಾದ್ಯವಿಲ್ಲದೆ ಒಂಟಿ ಕಂಠದಿಂದ ಹಾಡುವ ಐರ್ಲೆಂಡಿನ 'ಶಾನ್ ನೋಸ್' ಪದ್ಧತಿಯ ಗಾಯಕ ಇಯರ್ಲ ಓ ಲಿನಾರ್ಡ್ ಅವರೂ ಇದ್ದರು. ಇವೆಲ್ಲದರ ಅಡಿಯಲ್ಲಿ ಯಂತ್ರದ ತಾಳ.

ಇದು ಕುಲಗೆಟ್ಟ ಸಂಗೀತವೆನ್ನುವ ಮಡಿವಂತರಿಗೆ ನನ್ನದೊಂದು ಪ್ರಶ್ನೆ: ಯಾವ ಕುಲ? ಇಂದು ಐರ್ಲೆಂಡಿನ ಹಳ್ಳಿಯ ಪಡಸಾಲೆಗಳಲ್ಲಿ 'ನಮ್ಮದು' ಎಂದು ನುಡಿಸುವ ಬ್ಯಾಂಜೋ ವಾದ್ಯದ ಪೂರ್ವಜ ಪಶ್ಚಿಮ ಆಫ್ರಿಕದ್ದು. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರೊಡನೆ ಅದು ಸಮುದ್ರ ದಾಟಿತು. ಅಲ್ಲಿಂದ ಮತ್ತೆ ಐರ್ಲೆಂಡಿಗೆ ಬಂದಿತು. ಅವರ ಬುಝೂಕಿ ಗ್ರೀಸ್ ದೇಶದಿಂದ ಬಂದದ್ದು, ಅದೂ 1960ರ ದಶಕದಲ್ಲಿ. ಪರಂಪರೆ ಎನ್ನುವುದು ಹರಿಯುವ ಹೊಳೆ; ಉಪನದಿ ಸೇರಿದ್ದಕ್ಕೆ ಹೊಳೆ ಮೈಲಿಗೆಯಾಗುವುದಿಲ್ಲ. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದಾಗ ತಲೆದೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡನೆಯ ಪಕ್ಷ. ಜನಪದಕ್ಕೆ ಕರ್ತೃವಿಲ್ಲ, ಆದ್ದರಿಂದ ಒಡೆಯನೂ ಇಲ್ಲ ಎನ್ನುವವರು ಅಫುನಕ್ವಾ ಎಂಬ ಹೆಣ್ಣುಮಗಳ ಕಥೆಯನ್ನು ಕೇಳಬೇಕು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಆಕೆ ಹಾಡಿದ ಲಾಲಿಪದವೊಂದನ್ನು ಹ್ಯೂಗೋ ಸೆಂಪ್ ಎಂಬ ವಿದ್ವಾಂಸರು ಧ್ವನಿಮುದ್ರಿಸಿಕೊಂಡರು. ಅದು 1973ರಲ್ಲಿ ಯುನೆಸ್ಕೊ ಸಂಗ್ರಹದಲ್ಲಿ ಪ್ರಕಟವಾಯಿತು. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿ ಆ ದನಿಯನ್ನೆತ್ತಿಕೊಂಡು ಯಂತ್ರದ ತಾಳಕ್ಕೆ ಕೂರಿಸಿತು, ಹಾಡು ಲೋಕಪ್ರಸಿದ್ಧವಾಯಿತು. ಆಲ್ಬಂನ ಉಳಿದ ಹಾಡುಗಳು ಆಫ್ರಿಕದ ಅರಣ್ಯವಾಸಿಗಳನ್ನು ನೆನಪಿಸುವಂತಿದ್ದುದರಿಂದ ಕೇಳಿದವರು ಇದನ್ನೂ ಅವರದೇ ಎಂದು ತಿಳಿದರು. ನಾರ್ವೆಯ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಯಾನ್ ಗರ್ಬಾರೆಕ್ 1996ರಲ್ಲಿ ಅದೇ ಮಟ್ಟನ್ನು ನುಡಿಸಿ, 'ಪಿಗ್ಮಿ ಲಾಲಿ' ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟರು! ನೋಡಿರಿ, ಮೊದಲು ಹಾಡಿದವಳ ಹೆಸರು ಹೋಯಿತು, ಬಳಿಕ ಅವಳ ಊರು ಹೋಯಿತು, ಕೊನೆಗೆ ಅವಳ ಸಾಗರವೇ ಹೋಯಿತು. ಲಾಲಿಯ ಮಟ್ಟಿಗೆ ಕರ್ತೃ ಇಲ್ಲದಿರಬಹುದು. ಹಾಡಿದ ಕೊರಳಿಗೆ ಒಡತಿ ಇರಲಿಲ್ಲವೆ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಸೆಂಪ್ ಅವರು ಇದನ್ನು ಪ್ರತಿಭಟಿಸಿ 1996ರಲ್ಲಿ ಲೇಖನ ಬರೆದರು.

ತೈವಾನಿನ ಅಮಿಸ್ ಬುಡಕಟ್ಟಿನ ವೃದ್ಧ ದಂಪತಿ ದಿಫಾಂಗ್ ಮತ್ತು ಇಗಾಯ್ ಅವರಿಗೂ ಇದೇ ಗತಿಯಾಯಿತು. ಅವರ ದನಿಯನ್ನು ಎನಿಗ್ಮಾ ಎಂಬ ತಂಡ ಬಳಸಿಕೊಂಡಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರದಲ್ಲಿಯೂ ಅದು ಮೊಳಗಿತು. ಆದರೆ ಅವರು ಭಾಗ್ಯವಂತರು. 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು, ಮರುವರ್ಷ ರಾಜಿಯಾಗಿ ಹೆಸರನ್ನೂ ಪಡೆದರು. ಹೆಸರು ಭಿಕ್ಷೆಯಲ್ಲ, ಹಕ್ಕು ಎಂಬುದನ್ನು ಲೋಕಕ್ಕೆ ಆ ಅಜ್ಜ ಅಜ್ಜಿ ಕಲಿಸಿದರು.

ಆಫ್ರೊ ಕೆಲ್ಟ್ ತಂಡದಲ್ಲಿ ಎಲ್ಲವೂ ಸಮಾನವಾಗಿತ್ತು ಎಂದು ನಾನು ವಾದಿಸುವುದಿಲ್ಲ. ಸ್ಟುಡಿಯೋ ಇಂಗ್ಲೆಂಡಿನದು, ಸೂತ್ರಧಾರನೂ ಇಂಗ್ಲೆಂಡಿನವನೆ. ಮುಂದೆ ತಂಡ ಒಡೆದು, ಹೆಸರಿಗಾಗಿ ಇಬ್ಬಣಗಳ ನಡುವೆ ವ್ಯಾಜ್ಯ ನಡೆದು 2015ರಲ್ಲಿ ಬಗೆಹರಿಯಿತು. ಆದರೆ ಈ ಜಗಳವೇ ನನ್ನ ವಾದಕ್ಕೆ ಸಾಕ್ಷಿ. ಕೊನೆಗೆ ಆ ಹೆಸರಿನೊಡನೆ ಉಳಿದವರಲ್ಲಿ ಗಿನಿ ದೇಶದ ಕೋರಾ ವಾದಕ ಎನ್‌ಫಾಲಿ ಕುಯಾಟೆ ಒಬ್ಬರು. ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದವನು ಒಪ್ಪಬಲ್ಲ, ಒಲ್ಲೆನೆನ್ನಬಲ್ಲ, ಬೇಕಾದರೆ ಜಗಳವಾಡಬಲ್ಲ. ಕತ್ತರಿಸಿ ಅಂಟಿಸಿದ ದನಿಗೆ ಈ ಮೂರೂ ಇಲ್ಲ. 2023ರಲ್ಲಿ ತೀರಿಕೊಂಡ ಎಮರ್‌ಸನ್ ಅವರ ಕೆಲಸದಲ್ಲಿ ನಾನು ಗೌರವಿಸುವುದು ಈ ಒಂದು ಅಂಶವನ್ನು.

ನಮ್ಮಲ್ಲಿಯೂ ಸೋಬಾನೆ, ಬೀಸುವ ಪದಗಳಿಗೆ ಡಿಜೆ ತಾಳ ಕಟ್ಟಿ ಮದುವೆ ಮನೆಗಳಲ್ಲಿ ಮೊಳಗಿಸುತ್ತಾರೆ. ಮೊಳಗಿಸಲಿ. ಆದರೆ ಸಾಹಿತ್ಯ 'ಜಾನಪದ' ಎಂಬ ಒಂದೇ ಪದದಲ್ಲಿ ಎಷ್ಟು ಅಜ್ಜಿಯರನ್ನು ಹೂತಿದ್ದೇವೆ? ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವವರಿದ್ದೀರಿ. ನಿಮಗೆ ನನ್ನ ಆಗ್ರಹವಿಷ್ಟೇ: ಯಾವ ಹಾಡನ್ನಾದರೂ ಬೆರೆಸಿ, ಕುಣಿಯಿರಿ, ಕುಣಿಸಿರಿ, ಆದರೆ ಹಾಡಿದವರ ಹೆಸರು, ಊರು ಕೇಳಿ ಬರೆದುಕೊಳ್ಳಿರಿ. ಒಪ್ಪಿಗೆ ಪಡೆಯಿರಿ, ಬಂದುದರಲ್ಲಿ ಪಾಲು ಕೊಡಿರಿ. ತರಗತಿಯಲ್ಲಿ ಹಾಜರಿ ಕೂಗುವಾಗ ಒಂದು ಹೆಸರನ್ನೂ ಬಿಡಬಾರದೆಂಬ ಶಿಸ್ತು ನಮ್ಮದಾಗಿತ್ತು. ಹಾಡಿಗೂ ಅದೇ ಶಿಸ್ತು ಅನ್ವಯಿಸುತ್ತದೆ.